ಬಾವಿ ನಮ್ಮದು, ಹಗ್ಗ ಅವರದು

ಮಹಬೂಬಾ ಹೂನೀರಿನ ಸೀಸೆಯ ಬಿರಡೆ ತೆಗೆದು ಮೂಸಿದಳು. ನಂಬಿಕೆಯಾಗದೆ ಮತ್ತೆ ಮೂಸಿದಳು. ಅಂಗೈಗೆ ನಾಲ್ಕು ಹನಿ ಸುರಿದುಕೊಂಡು ಉಜ್ಜಿ ಮೂಗಿಗೆ ಹಿಡಿದಳು.

"ಇದು ನನ್ನದು," ಅಂದಳು.

"ನಿಮ್ಮದಲ್ಲ ತಾಯೀ," ಎಂದ ಮಿಠಾಯಿ ಅಂಗಡಿಯ ಲಸಾದ್. "ಬಿರ್ ಮನ್ನಾನದ್ದು. ಅಂದ್ರೆ ಕೆಳಗಿನ ಬಿರ್ ಮನ್ನಾನದ್ದು. ಹೆಸರೂ ಅದೇ, ವಾಸನೆಯೂ ಅದೇ. ಅವರ ಮನೆ ಹೆದ್ದಾರಿ ಪಕ್ಕದಲ್ಲೇ ಇದೆ. ನನ್ನ ಹಳೇ ಗಾಡಿ ನಿಮ್ಮ ದಿಬ್ಬ ಹತ್ತೋ ಹೊತ್ತಿಗೆ ಕಣ್ಣೀರಿಡುತ್ತೆ. ಈ ವರ್ಷ ಅಲ್ಲೇ ತಗೋತೀನಿ, ಬೇಜಾರು ಮಾಡ್ಕೋಬೇಡಿ."

"ಯಾರ ಮನೆಯದು?"

ಲಸಾದ್ ಹೇಳಬಾರದಿತ್ತು. ಆದರೆ ಅವನ ಬಾಯಿ ಅವನ ಅಂಗಡಿಯ ಬಾಗಿಲಿನ ಹಾಗೆ, ಯಾವಾಗಲೂ ತೆರೆದಿರುತ್ತದೆ. "ಝಕಿಯಾ ಅಂತ. ನಿಮ್ಮ ಬೀಗಿತ್ತಿ ಅಲ್ವೇ?"

ಅಂಗಳದ ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಸಿಹೆಮ್ ತಲೆ ಎತ್ತಿದಳು. ಅತ್ತೆ ತನ್ನನ್ನೇ ನೋಡುತ್ತಿರುವುದು ಕಂಡಿತು. ಮತ್ತೆ ತಲೆ ತಗ್ಗಿಸಿದಳು. ತಗ್ಗಿಸಿದ್ದೇ ತಪ್ಪಾಯಿತು.

ಬಿರ್ ಮನ್ನಾನ ಎಂದರೆ ಮನ್ನಾನಾಳ ಬಾವಿ. ಗಂಡ ಸತ್ತ ಮೇಲೆ ಮನ್ನಾನಾ ಎಂಬ ಪುಣ್ಯಾತ್ಗಿತ್ತಿ ಇಬ್ಬರು ಗಂಡುಮಕ್ಕಳ ಜೊತೆ ಈ ದಿಬ್ಬದ ಮೇಲೆ ಬಾವಿ ತೋಡಿಸಿದಳಂತೆ. ಅವಳು ಕಣ್ಣು ಮುಚ್ಚಿದ ಮಾರನೆಯ ದಿನವೇ ಮಕ್ಕಳು ಜಗಳವಾಡಿ ಬೇರೆಯಾದರು. ದೊಡ್ಡವನು ಬಾವಿ ಉಳಿಸಿಕೊಂಡ, ಚಿಕ್ಕವನು ಹಗ್ಗ ಎತ್ತಿಕೊಂಡು ಇಳಿದುಹೋದ. ಹೋಗುವಾಗ ಊರಿನ ಹೆಸರನ್ನೂ ಕೊಂಡೊಯ್ದ. "ಬಾವಿ ಇರೋದು ನಮ್ಮಲ್ಲಿ, ಅಸಲಿ ಊರು ನಮ್ಮದು," ಎನ್ನುತ್ತೇವೆ ನಾವು. "ಹಗ್ಗ ಇಲ್ಲದ ಬಾವಿ ಇಟ್ಕೊಂಡು ಏನು ಮಾಡ್ತೀರಿ?" ಎನ್ನುತ್ತಾರೆ ಅವರು. ಬಸ್ಸಿನ ಕಂಡಕ್ಟರ್ "ಯಾವ ಬಿರ್ ಮನ್ನಾನ?" ಎಂದು ಕೇಳಿದರೆ ಎರಡೂ ಊರಿನವರು ಕೊಡುವ ಉತ್ತರ ಒಂದೇ: "ನಿಜವಾದದ್ದು." ನಕ್ಷೆಯವರು 'ಮೇಲಿನ', 'ಕೆಳಗಿನ' ಎಂದು ಬರೆದ ಫಲಕಗಳ ಮೇಲೆ ಎರಡೂ ಕಡೆ ಸುಣ್ಣ ಬಳಿದಾಗಿದೆ.

ಹೆಣ್ಣು ಕೊಟ್ಟು ತರುವುದು ಮಾತ್ರ ನಿಂತಿಲ್ಲ. ಜಗಳ ಜಗಳದ ಪಾಡಿಗೆ, ಮದುವೆ ಮದುವೆಯ ಪಾಡಿಗೆ.

ಏಪ್ರಿಲ್ ಬಂತೆಂದರೆ ಎರಡೂ ಊರಿನಲ್ಲಿ ಒಂದೇ ಕೆಲಸ. ಹುಳಿಕಿತ್ತಳೆಯ ಗಿಡಗಳ ಕೆಳಗೆ ದುಪ್ಪಟಿ ಹಾಸಿ ಹೂವು ಉದುರಿಸುವುದು, ತಾಮ್ರದ ಭಟ್ಟಿಯಲ್ಲಿ ಹೂನೀರು ಇಳಿಸುವುದು. ಇದು ಹೆಂಗಸರ ಕೆಲಸ. ಪ್ರತಿ ಮನೆಯಲ್ಲೂ ಹಿರಿಯಳ ಬಳಿ ಒಂದು ಗುಟ್ಟು ಇರುತ್ತದೆ. ಅವಳು ಅದನ್ನು ಮಗಳಿಗೆ ನಿಶ್ಚಿತಾರ್ಥದ ದಿನ ಕಿವಿಯಲ್ಲಿ ಹೇಳುತ್ತಾಳೆ, ಮನ್ನಾನಾಳ ಗೋರಿ ಮುಟ್ಟಿಸಿ ಆಣೆ ಹಾಕಿಸುತ್ತಾಳೆ. ಸೊಸೆಗೆ ಹೇಳುವುದಿಲ್ಲ. ಸೊಸೆ ಎಷ್ಟಾದರೂ ಬೇರೆ ಮನೆಯ ಹೆಣ್ಣು.

ಹಾಗಾಗಿ ಮದುವೆಯಾಗಿ ಬಂದ ಮೂರು ವಸಂತಗಳಲ್ಲೂ ಸಿಹೆಮ್ ಹೂವು ಉದುರಿಸಿದ್ದಳು, ಸೌದೆ ಒಟ್ಟಿದ್ದಳು, ಭಟ್ಟಿಯ ಮೇಲಿನ ಪಾತ್ರೆಯ ತಣ್ಣೀರು ಬದಲಿಸಿದ್ದಳು. ಅಂಗಳದ ಭಟ್ಟಿಗೆ ಮುಚ್ಚಳ ಹಾಕಿ ಹಬೆ ಸೋರದಂತೆ ಹಿಟ್ಟು ಮೆತ್ತುವ ಸಮಯಕ್ಕೆ ಸರಿಯಾಗಿ ಮಹಬೂಬಾ, "ಹೋಗಮ್ಮಾ, ಬೀದಿ ಕೊನೆಯ ಒಲೆಮನೆಯಿಂದ ರೊಟ್ಟಿ ತಗೊಂಬಾ," ಎನ್ನುತ್ತಿದ್ದಳು. ಮನೆಯಲ್ಲಿ ರೊಟ್ಟಿ ರಾಶಿ ಬಿದ್ದಿದ್ದರೂ ಸರಿ. ಸಿಹೆಮ್ ಹೋಗುತ್ತಿದ್ದಳು. ಹಿಂದೆಯೇ ಬಾಗಿಲು ಹಾಕಿಕೊಳ್ಳುತ್ತಿತ್ತು.

ಲಸಾದ್ ಹೋದ ದಿನ ಊಟಕ್ಕೆ ಬಟಾಣಿ ಮತ್ತು ಕುರಿಮಾಂಸದ ಸಾರು ಇತ್ತು. ನಡುವೆ ದೊಡ್ಡ ಬೋಗುಣಿ, ಸುತ್ತ ಐವರು. ಯಜಮಾನ ಹಮ್ಮಾದಿ ಬಿಸ್ಮಿಲ್ಲಾ ಎಂದು ರೊಟ್ಟಿ ಮುರಿದ. ಅವನು ಬಸ್ಸು ಓಡಿಸಿ ನಿವೃತ್ತನಾದವನು, ಈಗ ಅಂಗಳದ ಬೆಂಚೇ ಅವನ ಸೀಟು. ಮಗ ನೌಫಲ್ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಕೈಗೆ ಯಾವಾಗಲೂ ಗ್ರೀಸಿನ ವಾಸನೆ. ಮಗಳು ಹಯೆತ್ ಶಿಶುವಿಹಾರದ ಟೀಚರ್, ಈ ಬೇಸಿಗೆಯಲ್ಲಿ ಅವಳ ಮದುವೆ.

"ಉಂಡ ಮನೆಗೆ ಎರಡು ಬಗೆಯೋರು ಅಂತ ಕೇಳಿದ್ದೆ," ಮಹಬೂಬಾ ಶುರು ಮಾಡಿದಳು. "ಈಗ ಒಂದೇ ಬೋಗುಣಿಲಿ ಕೈ ಹಾಕಿ ಉಣ್ತಾ ಇದೀನಿ."

"ಯಾರಿಗಮ್ಮಾ ಇದು?" ಎಂದ ನೌಫಲ್.

"ಯಾರಿಗೆ ತಾಗಬೇಕೋ ಅವರಿಗೆ."

"ಅತ್ತೆ, ನೇರವಾಗಿ ಹೇಳಿ," ಎಂದಳು ಸಿಹೆಮ್. "ನಾನೇನು ಮಾಡಿದೆ?"

"ಕದ್ದೆ."

"ಏನನ್ನ ಕದ್ದೆ?"

ಮಹಬೂಬಾ ಬಾಯಿ ತೆರೆದಳು, ಮುಚ್ಚಿದಳು. "ಅದನ್ನ ನಾನೇ ಬಾಯಿಬಿಟ್ಟು ಹೇಳಿದರೆ ಮತ್ತೆ ಉಳಿಯೋದೇನು?"

"ಏನು ಕದ್ದೆ ಅಂತ ಹೇಳದೆ ಕಳ್ಳಿ ಅಂದ್ರೆ ಹೇಗೆ?"

"ಕದ್ದೋಳಿಗೆ ಗೊತ್ತಿರುತ್ತೆ."

ಹಯೆತ್ ನಡುವೆ ಬಾಯಿ ಹಾಕಿದಳು. "ಅಮ್ಮಾ, ಅವಳನ್ನ ನೀನು ಯಾವತ್ತೂ ಒಳಗೇ ಬಿಟ್ಟಿಲ್ಲವಲ್ಲ? ಹೊರಗೆ ನಿಂತೋಳು ಏನು ಕದೀತಾಳೆ?"

"ಹಾಗಾದ್ರೆ ಒಳಗಿದ್ದೋಳು ಯಾರು?" ಮಹಬೂಬಾ ಮಗಳ ಕಡೆ ತಿರುಗಿದಳು. "ನಿನಗೆ ಕಿವಿಯಲ್ಲಿ ಹೇಳಿ ಎಷ್ಟು ದಿನ ಆಯ್ತು? ಇವಳ ಜೊತೆ ರಾತ್ರಿಯೆಲ್ಲಾ ಗುಸುಗುಸು ಅಂತಿರ್ತೀಯಲ್ಲ?"

"ನಾನಾ? ದೇವರಾಣೆ, ಸೀರಿಯಲ್ ಬಗ್ಗೆ ಮಾತಾಡ್ತಿದ್ವಿ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡಳಂತೆ."

ಹಯೆತ್ ಎದ್ದು ಹೋದಳು. ನೌಫಲ್ ರೊಟ್ಟಿಯನ್ನು ಹಾಗೇ ಬಿಟ್ಟ. ಹಮ್ಮಾದಿ ಮಾತ್ರ ಬೋಗುಣಿಯ ತನ್ನ ಕಡೆಯ ಸಾರನ್ನು ಒರೆಸಿ ತಿಂದು ಮುಗಿಸಿದ. ಆ ಮನುಷ್ಯನ ಊಟ ಯಾವ ಜಗಳಕ್ಕೂ ಕೆಟ್ಟಿದ್ದಿಲ್ಲ.

ಅನುಮಾನ ಎನ್ನುವುದು ಮನೆಗೆ ಬಂದರೆ ಒಂದು ಮೂಲೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಮಹಬೂಬಾ ಭಟ್ಟಿ ಎತ್ತಿಡುವ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡಳು. ಸಿಹೆಮ್ ತವರಿಗೆ ಫೋನ್ ಮಾಡಿದರೆ ಪಕ್ಕದಲ್ಲಿ ನಿಂತು ನೆಲ ಗುಡಿಸತೊಡಗಿದಳು. ಗುಡಿಸಿದ್ದೇ ಗುಡಿಸಿದ್ದು, ಆ ತಿಂಗಳು ನಮ್ಮ ಬೀದಿಯಲ್ಲಿ ಅವಳ ಮನೆಯಷ್ಟು ಸ್ವಚ್ಛವಾದ ನೆಲ ಬೇರೊಂದಿರಲಿಲ್ಲ. ಶುಕ್ರವಾರದ ರವೆಯ ಕೂಸ್ಕೂಸ್ ಊಟದಲ್ಲಿ ಮಾಂಸದ ತುಂಡು ಹಂಚುವಾಗ ಸಿಹೆಮ್‌ಳ ಪಾಲಿಗೆ ಮೂಳೆ ಬರತೊಡಗಿತು. ಸಿಹೆಮ್ ಕೂಡ ಸುಮ್ಮನಿರುವ ಹೆಣ್ಣಲ್ಲ. ಮೂಳೆಯನ್ನು ಎತ್ತಿ ತಟ್ಟೆಯ ಅಂಚಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟು, "ಅತ್ತೆ ಕೈರುಚಿ ಮೂಳೆಯಲ್ಲೂ ಇದೆ," ಎನ್ನುತ್ತಿದ್ದಳು. ಹಯೆತ್ ತಾಯಿಯೊಡನೆ ಮಾತು ಬಿಟ್ಟಳು. ಮದುವೆಯ ಬಟ್ಟೆ ಆರಿಸಲು ತಾಯಿ ಮಗಳು ಬೇರೆ ಬೇರೆ ಬಸ್ಸಿನಲ್ಲಿ ಹೋಗಿ ಬಂದರು.

ಹೂವು ಮಾತ್ರ ಯಾರ ಕೋಪಕ್ಕೂ ಕಾಯದೆ ಉದುರುತ್ತಿತ್ತು. ಭಟ್ಟಿ ಹತ್ತಿಸುವ ದಿನಗಳಲ್ಲಿ ಸಿಹೆಮ್‌ಳನ್ನು ರೊಟ್ಟಿಗೆ ಕಳಿಸುವ ನೆಪವೂ ನಿಂತಿತು. "ಹೊರಗೆ ಹೋಗು," ಅಷ್ಟೇ.

ಒಂದು ಬೆಳಿಗ್ಗೆ ಸಿಹೆಮ್ ಬಟ್ಟೆ ಹರವುತ್ತಿದ್ದಾಗ ನೌಫಲ್ ಹತ್ತಿರ ಬಂದ. ಹಗ್ಗದ ಮೇಲಿನ ಕ್ಲಿಪ್ಪು ಸರಿಮಾಡುವವನಂತೆ ನಿಂತ.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬಾರದು."

"ಹಾಗಂದ ಮೇಲೆ ಸಿಟ್ಟು ಬರೋ ಮಾತೇ."

"ನಿಮ್ಮಮ್ಮನಿಗೆ ನೀನು ಏನಾದ್ರೂ ಹೇಳಿದ್ಯಾ? ಬಾಯಿ ತಪ್ಪಿ ಹೇಳಿದ್ರೂ ಪರವಾಗಿಲ್ಲ. ನಾನು ಅಮ್ಮನ್ನ ಸಮಾಧಾನ ಮಾಡ್ತೀನಿ."

ಸಿಹೆಮ್‌ಳ ಕೈಯಲ್ಲಿದ್ದ ಅವನ ಅಂಗಿಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅತ್ತೆ ಕಳ್ಳಿ ಎಂದಾಗ ಅವಳಿಗೆ ಕೋಪ ಬಂದಿತ್ತು. ಗಂಡ ಕೇಳಿದಾಗ ಬಂದದ್ದು ದುಃಖ.

"ನೀನೂ ಕೇಳಿಬಿಟ್ಯಲ್ಲ," ಎಂದಳು.

ಅವಳ ಬಳಿ ಉತ್ತರವಿತ್ತು. ಹೇಳುವಂತಿರಲಿಲ್ಲ. ಬಂದ ಮೊದಲ ವಸಂತದಲ್ಲೇ ಹೊರಗೆ ಬೀದಿಯಲ್ಲಿ ನಿಂತಿದ್ದಾಗ ಬಾಗಿಲ ಸಂದಿಯಿಂದ ಬಂದ ಹಬೆಯನ್ನು ಮೂಸಿ ಅವಳು ಬೆರಗಾಗಿದ್ದಳು. ಅವಳಮ್ಮ ಝಕಿಯಾ ನಿಶ್ಚಿತಾರ್ಥದ ದಿನ ಕಿವಿಯಲ್ಲಿ ಹೇಳಿದ್ದ ಅದೇ ಗುಟ್ಟು ಅತ್ತೆಯ ಭಟ್ಟಿಯಲ್ಲೂ ಬೇಯುತ್ತಿತ್ತು. ತಾನು ಕದ್ದಿಲ್ಲ ಎಂದು ತೋರಿಸಲು ತನಗೆ ಮೊದಲೇ ಗೊತ್ತಿತ್ತು ಎನ್ನಬೇಕು. ಅದನ್ನು ಅಂದರೆ ತಾಯಿಗೆ ಕೊಟ್ಟ ಆಣೆ ಮುರಿಯಬೇಕು. ಮನ್ನಾನಾಳ ಆಣೆ ಮುರಿದವಳ ಒಲೆ ಹತ್ತುವುದಿಲ್ಲ ಎನ್ನುತ್ತಾರೆ ಎರಡೂ ಊರಿನಲ್ಲಿ. ಅದಕ್ಕೇ ಅವಳು ಬಾಯಿಗೆ ಬೀಗ ಹಾಕಿಕೊಂಡು ಕಳ್ಳಿಯಾದಳು.

ಅವಳ ಮೌನವನ್ನು ನೌಫಲ್ ಒಪ್ಪಿಗೆ ಎಂದುಕೊಂಡ. ಗಂಡಸರು ಪಂಪಿನ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳಬಲ್ಲರು, ಹೆಂಡತಿಯ ಮೌನದಲ್ಲಿ ಅಷ್ಟೂ ತಿಳಿಯುವುದಿಲ್ಲ.

ಮಹಬೂಬಾ ತೀರ್ಪು ಕೊಟ್ಟಳು. "ಹೂವು ಮುಗಿಯೋ ತನಕ ತವರಲ್ಲಿರಲಿ. ಆಮೇಲೆ ನೋಡೋಣ."

ನಮ್ಮ ಕಡೆ 'ಆಮೇಲೆ ನೋಡೋಣ' ಎಂದು ತವರಿಗೆ ಹೋದ ಹೆಣ್ಣುಗಳಲ್ಲಿ ಮರಳಿ ಬಂದವರು ಕಡಿಮೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನೌಫಲ್ ಗೋಡೆ ನೋಡಿದ. ಹಮ್ಮಾದಿ ತನ್ನ ಕೆಂಪು ಟೊಪ್ಪಿಯ ಧೂಳು ಕೊಡವಿದ. ಹಯೆತ್ ಒಬ್ಬಳೇ, "ಇದು ಅನ್ಯಾಯ," ಎಂದು ಕಿರುಚಿದಳು. ಸಿಹೆಮ್ ಚೀಲ ತುಂಬಿಕೊಂಡಳು.

ನೌಫಲ್ ಅವಳನ್ನು ಗಾಡಿಯಲ್ಲಿ ದಿಬ್ಬ ಇಳಿಸಿ ತವರಿನ ಬಾಗಿಲಿಗೆ ತಂದ. ಅವಳು ಇಳಿಯುವಾಗ, "ಫೋನ್ ಮಾಡ್ತೀನಿ," ಎಂದ. "ಮಾಡು. ಅಲ್ಲಿ ಪಕ್ಕದಲ್ಲಿ ನಿಂತು ನೆಲ ಗುಡಿಸೋರು ಯಾರೂ ಇಲ್ಲ," ಎಂದಳು ಸಿಹೆಮ್.

ಝಕಿಯಾ ಅಂಗಳದಲ್ಲಿ ಭಟ್ಟಿಯ ಮುಂದೆ ಕೂತಿದ್ದಳು. ಮಗಳನ್ನು ಕಂಡದ್ದೇ ಹಾಸಿದ್ದ ದುಪ್ಪಟಿಯನ್ನು ಎಳೆದು ಭಟ್ಟಿಯ ಮೇಲೆ ಹೊದಿಸಿದಳು.

"ಅಮ್ಮಾ, ನಾನು!"

"ಗೊತ್ತು ನೀನು ಅಂತ. ಅದಕ್ಕೇ ಮುಚ್ಚಿದ್ದು." ಅವಳು ದುಪ್ಪಟಿಯ ಅಂಚನ್ನು ಕಾಲಡಿ ಒತ್ತಿಕೊಂಡಳು. "ಲಸಾದ್ ಬಂದಿದ್ದ. ಮೇಲಿನೂರಿನ ನಿನ್ನತ್ತೆ ನೀರೂ ನಮ್ಮ ನೀರೂ ಒಂದೇ ವಾಸನೆ ಅಂದ. ಯಾರೇ ಹೇಳಿದ್ದು ಆ ಮುದುಕಿಗೆ? ಗೋರಿ ಮುಟ್ಟಿ ಆಣೆ ಮಾಡಿದ್ಯಲ್ಲೇ! ಒಂದು ಗಂಡಿನ ಮುಖ ಕಂಡಿದ್ದಕ್ಕೆ ತಾಯಿ ಹೊಟ್ಟೆಯನ್ನೇ ಮಾರಿಬಿಟ್ಯಾ?"

ಸಿಹೆಮ್ ಚೀಲದ ಮೇಲೆ ಕುಸಿದು ಕೂತಳು. ಮೊದಲು ನಕ್ಕಳು. ನಗು ನಿಲ್ಲಿಸಲಾಗದೆ ಅತ್ತಳು. ಅಲ್ಲಿ ಇವಳು ಅವರ ಕಳ್ಳಿ, ಇಲ್ಲಿ ಇವರ ಕಳ್ಳಿ. ಎರಡು ಊರಿಗೂ ಒಂದೇ ಹೆಸರು, ಅವಳಿಗೂ ಎರಡು ಮನೆಯಲ್ಲಿ ಒಂದೇ ಹೆಸರು.

"ನಾನು ಹೇಳಿಲ್ಲ ಅಮ್ಮಾ. ಅವರಿಗೆ ಮೊದಲೇ ಗೊತ್ತಿತ್ತು."

"ಗೊತ್ತಿರೋದಕ್ಕೆ ಸಾಧ್ಯವೇ ಇಲ್ಲ. ಅದು ನಮ್ಮಜ್ಜಿ ಕಂಡುಹಿಡಿದಿದ್ದು."

ಝಕಿಯಾ ಊಟ ಹಾಕಿದಳು, ಹಾಸಿಗೆ ಕೊಟ್ಟಳು, ಎಷ್ಟಾದರೂ ಹೆತ್ತವಳು. ಆದರೆ ಭಟ್ಟಿ ಹತ್ತಿಸುವ ಹೊತ್ತಿಗೆ, "ಹೋಗಮ್ಮಾ, ರೊಟ್ಟಿ ತಗೊಂಬಾ," ಎಂದಳು. ಮೇಲಿನ ಊರಿನಲ್ಲಿ ಕೇಳಿದ ಮಾತೇ, ಅದೇ ದನಿಯಲ್ಲಿ. ಹುಟ್ಟಿದ ಮನೆಯ ಬಾಗಿಲೂ ಅವಳ ಹಿಂದೆ ಮುಚ್ಚಿಕೊಂಡಿತು. ಆ ದಿನ ಸಿಹೆಮ್ ಬೀದಿಯಲ್ಲಿ ನಿಂತು ಅಕ್ಕಪಕ್ಕ ನೋಡಿದಳು. ಎದುರುಮನೆಯ ಸೊಸೆ ಹೊರಗೆ ನಿಂತಿದ್ದಳು. ಅದರಾಚೆ ಮನೆಯ ಸೊಸೆಯೂ ನಿಂತಿದ್ದಳು. ಬೀದಿಯುದ್ದಕ್ಕೂ ಬಾಗಿಲ ಮುಂದೆ ಬರಿಗೈಯ ಸೊಸೆಯಂದಿರು. ಎದುರುಮನೆಯವಳು ಹುಟ್ಟಿದ್ದು ಮೇಲಿನ ಊರಿನಲ್ಲಿ. ಅವಳು ಗಾಳಿಯಲ್ಲಿ ಏನನ್ನೋ ಮೂಸಿ ತುಟಿ ಕಚ್ಚಿ ನಕ್ಕದ್ದನ್ನು ಸಿಹೆಮ್ ಕಂಡಳು. ಅವಳಿಗೂ ಗೊತ್ತು ಎಂದು ಸಿಹೆಮ್‌ಗೆ ಥಟ್ಟನೆ ಹೊಳೆಯಿತು.

ಹೂವಿನ ಕೊನೆಗೆ ಮನ್ನಾನಾಳ ಗೋರಿಗೆ ಹೋಗುವುದು ವಾಡಿಕೆ. ಗೋರಿ ಇರುವುದು ಎರಡು ಊರಿನ ನಡುವಿನ ಬಯಲಿನಲ್ಲಿ. ಬೆಳಿಗ್ಗೆ ನಮ್ಮ ಹೆಂಗಸರು, ಮಧ್ಯಾಹ್ನದ ಮೇಲೆ ಅವರು. ನಡುಹೊತ್ತಿನಲ್ಲಿ ಇವರ ಕೂಸ್ಕೂಸ್ ಇಳಿಯುವಾಗ ಅವರದು ಒಲೆ ಏರುತ್ತದೆ. ಒಬ್ಬರ ಉಪ್ಪನ್ನು ಒಬ್ಬರು ಕೇಳುವುದಿಲ್ಲ. ಗೋರಿಗೆ ಚಿಮುಕಿಸಲು ತಂದ ಹೂನೀರಿನ ಸೀಸೆಗಳನ್ನು ಆ ಕಡೆಯವರ ಮೂಗಿಗೆ ಸಿಗದಂತೆ ಸೆರಗಿನಡಿ ಹಿಡಿದಿರುತ್ತಾರೆ.

ಮಹಬೂಬಾ ಮಗಳೊಡನೆ ಬಂದಿದ್ದಳು. ಝಕಿಯಾ ಪಾತ್ರೆ ಹೊತ್ತು ಬಂದಳು. ಬೀಗಿತ್ತಿಯರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತರು. ಸಿಹೆಮ್ ಇಬ್ಬರ ನಡುವಿನ ಬಯಲಿಗೆ ನಡೆದು, ಗೋರಿಯ ಬಿಳಿ ಗೋಡೆಯ ಮೇಲೆ ಅಂಗೈ ಊರಿದಳು.

"ಅಮ್ಮಾ ಮನ್ನಾನಾ, ನಿನ್ನ ಮುಂದೆ ಮಾಡಿದ ಆಣೆಯನ್ನ ನಿನ್ನ ಮುಂದೇನೇ ಮುರೀತಾ ಇದೀನಿ," ಎಂದಳು ಗಟ್ಟಿಯಾಗಿ. "ಅತ್ತರ್ಶಿಯಾ ಎಲೆ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹೂವಿನ ನಡುವೆ ಹುದುಗಿಸಬೇಕು. ನೀರು ಇಳಿದ ಮೇಲೆ ಗಂಟನ್ನ ಯಾರಿಗೂ ಕಾಣದಂಗೆ ಎತ್ತಿ ಒಲೆಗೆ ಹಾಕಬೇಕು. ಇಷ್ಟೇ. ಇದನ್ನ ನಾನು ಯಾರ ಮನೆಯಿಂದ ಕದ್ದು ಯಾರಿಗೆ ಕೊಟ್ಟೆ ಅಂತ ಈಗ ಹೇಳಿ."

ಗುಲಾಬಿಯಂತೆ ಘಮಿಸುವ ಆ ಎಲೆಯ ಕುಂಡ ಎರಡೂ ಊರಿನಲ್ಲಿ ಬಾಗಿಲು ಬಾಗಿಲಿಗೂ ಇದೆ. ಸೊಳ್ಳೆ ಬರಬಾರದು ಅಂತ, ಎನ್ನುತ್ತಾರೆ ಎಲ್ಲರೂ.

ಕೆಳಗಿನವರ ಗುಂಪಿನಿಂದ ಒಬ್ಬ ಮುದುಕಿ, "ಅಯ್ಯೋ ಹಾಳಾದೋಳೇ, ನಮ್ಮನೆ ಮಾತು ನಿನಗೆ ಯಾರೇ ಹೇಳಿದ್ದು?" ಎಂದು ಚೀರಿದಳು. ಅದೇ ಉಸಿರಿನಲ್ಲಿ ನಮ್ಮವರ ಕಡೆಯಿಂದ ಇನ್ನೊಬ್ಬಳು, "ನಿಮ್ಮನೇದಾ? ಅದು ನಮ್ಮಮ್ಮಂದು!" ಎಂದಳು. ಮೂರನೆಯವಳು ಎದ್ದಳು, ನಾಲ್ಕನೆಯವಳು ಎದ್ದಳು. ಅರ್ಧ ಶತಮಾನ ಪಕ್ಕದಲ್ಲೇ ಬಾಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿನಗೂ?" "ನಿನಗೂನಾ?"

ಮೊದಲು ನಕ್ಕವರು ಸೊಸೆಯಂದಿರು. ಎರಡೂ ಊರಿನ ಸೊಸೆಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳಾಗಿದ್ದಾಗ ಕೇಳಿ ತಿಳಿದದ್ದನ್ನೇ ಸೊಸೆಯಾಗಿ ಬಾಗಿಲಾಚೆ ನಿಂತು ಕಾದವರು ಅವರು. ಮುದುಕಿಯರು ನಗಲಿಲ್ಲ. ಅವರೂ ಒಂದು ಕಾಲಕ್ಕೆ ಹೊರಗೆ ನಿಂತವರೇ. ಒಳಗಿನವಳಿಗೆ ನನ್ನಷ್ಟು ತಿಳಿಯದು ಪಾಪ, ಎಂದುಕೊಂಡೇ ನಿಂತಿದ್ದವರು.

ಝಕಿಯಾ ಮಗಳ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಮಗಳ ಕೆನ್ನೆ ಒರೆಸಿ, ಒಲೆಯ ಬಳಿಗೆ ಹಿಂದಿರುಗಿದಳು. ಮಹಬೂಬಾ ಸರಸರ ದಿಬ್ಬ ಹತ್ತಿ ಮನೆಗೆ ಹೋಗಿಬಿಟ್ಟಳು.

ಸಂಜೆ ನೌಫಲ್ ತಾನಾಗಿಯೇ ಹೋಗಿ ಹೆಂಡತಿಯನ್ನು ಕರೆತಂದ. ದಾರಿಯಲ್ಲಿ ಗಾಡಿ ನಿಲ್ಲಿಸಿ, "ನಾನು ಕೇಳಬಾರದಿತ್ತು. ನಂಬಬೇಕಿತ್ತು," ಎಂದ. "ಹೌದು," ಎಂದಳು ಸಿಹೆಮ್. ಅದಕ್ಕಿಂತ ಹೆಚ್ಚು ಅವಳು ಕೊಡಲಿಲ್ಲ. ಮನೆ ಬಾಗಿಲಲ್ಲಿ ಚೀಲವನ್ನು ಅವನೇ ಹೊತ್ತ, ಅವಳು ಹೊಸ್ತಿಲ ಆಚೆಯೇ ನಿಂತಳು.

ಒಳಗೆ ಮಹಬೂಬಾ ಕೂಗಾಡುತ್ತಿದ್ದಳು. "ಎಲ್ಲರದ್ದೂ ಒಂದೇ ಅಂತೆ! ಸುಳ್ಳು. ನನ್ನ ಅತ್ತೆಗೇ ಗೊತ್ತಿರಲಿಲ್ಲ. ಈ ಮನೆಗೆ ಅದನ್ನ ತಂದಿದ್ದು ನಾನು."

"ಗೊತ್ತಿತ್ತು," ಎಂದ ಹಮ್ಮಾದಿ ಬೆಂಚಿನ ಮೇಲಿಂದ.

"ಏನು?"

"ನಮ್ಮಮ್ಮನಿಗೆ ಗೊತ್ತಿತ್ತು. ಅವಳೂ ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕ್ತಿದ್ದಳು. ನಾನು ಇಲ್ಲೇ ಕೂತಿರ್ತಿದ್ದೆನಲ್ಲ. ನೀನು ಹಾಕೋದನ್ನೂ ನೋಡಿದೀನಿ. ಗಂಡಸರನ್ನ ನೀವು ಯಾವತ್ತು ಹೊರಗೆ ಕಳಿಸಿದ್ರಿ?"

ಮಹಬೂಬಾ ಬೆಂಚಿನ ಮುಂದೆ ಬಂದು ನಿಂತಳು. "ಮತ್ತೆ ಯಾಕೆ ಹೇಳಲಿಲ್ಲ?"

"ನನ್ನನ್ನ ಯಾರೂ ಕೇಳಲಿಲ್ಲ. ಹೆಂಗಸರ ವಿಷಯ, ನಮಗ್ಯಾಕೆ ಅಂತ."

"ಮಾವ," ಸಿಹೆಮ್ ಹೊಸ್ತಿಲಾಚೆಯಿಂದಲೇ ಕೇಳಿದಳು. "ನನ್ನನ್ನ ಕಳ್ಳಿ ಅಂತ ಮನೆಯಿಂದ ಕಳಿಸಿದಾಗಲೂ ಅದು ಹೆಂಗಸರ ವಿಷಯವೇ?"

ಹಮ್ಮಾದಿ ಟೊಪ್ಪಿ ತೆಗೆದ, ಮತ್ತೆ ಹಾಕಿದ.

"ಅಣ್ಣನಿಗೂ ಅಪ್ಪನಿಗೂ ಇವತ್ತು ಊಟ ಇಲ್ಲ," ಎಂದಳು ಹಯೆತ್. ತಾಯಿ ಬೇಡ ಎನ್ನಲಿಲ್ಲ.

ಮಹಬೂಬಾ ಸೊಸೆಯನ್ನು ನೋಡಿದಳು. "ಒಳಗೆ ಬಾ."

"ಬರ್ತೀನಿ. ಆದ್ರೆ ಕಳ್ಳಿ ಅಂದಿದ್ದನ್ನ ಮೊದಲು ವಾಪಸ್ ತಗೊಳ್ಳಿ."

"ಬಾ ಅಂದೆನಲ್ಲ!"

"ಅದು ಬೇರೆ, ಇದು ಬೇರೆ ಅತ್ತೆ."

ಮಹಬೂಬಾ ಜನ್ಮದಲ್ಲಿ ಯಾರಿಗೂ ಆ ಮಾತು ಹೇಳಿದವಳಲ್ಲ. ಬೀದಿ ನೋಡಿದಳು, ಗಂಡನನ್ನು ನೋಡಿದಳು, ಮಗಳು ಕಾಯುತ್ತಿರುವುದನ್ನು ನೋಡಿದಳು. "ತಪ್ಪಾಯ್ತು," ಎಂದಳು, ಬಾಯಿಗೆ ಸಿಕ್ಕ ಕಹಿ ಬೀಜ ಉಗುಳುವಂತೆ. ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

ಸಿಹೆಮ್ ಹೊಸ್ತಿಲು ದಾಟಿದಳು. ಚಪ್ಪಲಿ ಬಿಟ್ಟು, ಕೈತೊಳೆದು, ಮಣೆ ಎಳೆದುಕೊಂಡು ಈರುಳ್ಳಿ ಹೆಚ್ಚಲು ಕೂತಳು. ಮಹಬೂಬಾ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ತಾನೂ ಒಂದು ಚಾಕು ಎತ್ತಿಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಹೆಚ್ಚಿದರು. ಆಮೇಲೆ ಅತ್ತೆ ಸೊಸೆಯ ಕಡೆ ವಾಲಿ, ದನಿ ತಗ್ಗಿಸಿ ಕೇಳಿದಳು.

"ನಿಮ್ಮಮ್ಮ ಒಂದು ಭಟ್ಟಿಗೆ ಎಷ್ಟು ಎಲೆ ಹಾಕ್ತಾಳೆ?"

ಸಿಹೆಮ್ ಚಾಕು ನಿಲ್ಲಿಸದೆ, "ಅದು ಮಾತ್ರ ಹೇಳಲ್ಲ ಅತ್ತೆ," ಎಂದಳು.